ಚರ್ಚಿನ ಹರಾಜೂ ನನ್ನ ಗಂಟಲೂ

ದೇವರಿಗೆ ಕೊಡುವುದು ಗಂಭೀರವಾದ ವಿಷಯ, ಒಪ್ಪುತ್ತೇನೆ. ಆದರೆ ಕೊಡೋರು ಮನುಷ್ಯರು ನೋಡಿ, ಅದಕ್ಕೇ ನಮ್ಮ ಚರ್ಚಿನಲ್ಲಿ ಹಬ್ಬ ಬಂತು ಅಂದರೆ ಏನಾದರೊಂದು ಆಗಿಯೇ ಆಗುತ್ತದೆ. ಏನೂ ಆಗದ ವರ್ಷ ನಾನಂತೂ ಕಂಡಿಲ್ಲ.

ಗೊತ್ತಿಲ್ಲದವರಿಗೆ ಮೊದಲೇ ಹೇಳಿಬುಡುತ್ತೇನೆ. ದಸರಾಕ್ಕೆ ಮುಂಚೆ ಮಾತೆ ಮರಿಯಮ್ಮನವರ ಹುಟ್ಟುಹಬ್ಬ ಬರುತ್ತದೆ. ಅದರ ಭಾನುವಾರ ಜನ ಕಾಣಿಕೆಗೆ ಸಾಮಾನು ತರುತ್ತಾರೆ. ತೆಂಗಿನಕಾಯಿ, ಬಾಳೆಗೊನೆ, ಬೆಲ್ಲ, ಕುಂಬಳಕಾಯಿ, ಕೋಳಿ, ಹೀಗೆ. ಹಿಂದೆ ಹೊಲದಿಂದ ಬರುತ್ತಿತ್ತು. ಈಗ ಕುವೆಂಪುನಗರದ ತಾರಸಿ ಮೇಲಿನ ಕುಂಡದಿಂದ ಬರುತ್ತದೆ. ಕುಂಡವೂ ಇಲ್ಲದವರು ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ ಅಂಗಡಿಯಲ್ಲಿ ಕೊಂಡು, ರೇಟಿನ ಚೀಟಿ ಕಿತ್ತುಹಾಕಿ ತರುತ್ತಾರೆ. ಪೂಜೆ ಮುಗಿದ ಮೇಲೆ ಅದನ್ನೆಲ್ಲ ಚರ್ಚಿನ ಪಕ್ಕದ ಹಾಲ್‌ನಲ್ಲಿ ಹರಾಜು ಹಾಕುವುದು ಪದ್ಧತಿ. ಬಂದ ದುಡ್ಡು ಬಡವರ ಔಷಧಿಗೆ, ಮಕ್ಕಳ ಫೀಸಿಗೆ. ಹರಾಜು ಕೂಗುವವನು ನಾನು.

ಈಗಿರುವ ಫಾದರ್ ಬಂದು ಮೂರು ಹಬ್ಬ ಆಯಿತು. ಚಿಕ್ಕ ವಯಸ್ಸು, ಬಹಳ ಓದಿದವರು, ಇರುವೆಗೂ ನೋಯದ ಹಾಗೆ ಮಾತಾಡುತ್ತಾರೆ. ಅವರಿಗೆ ಈ ಹರಾಜು ಮೊದಲ ದಿನದಿಂದಲೂ ಸೇರಲಿಲ್ಲ. "ತಾತ, ಮನೆಗೊಂದು ಕವರ್ ಕೊಟ್ಟುಬಿಡೋಣ. ಮನಸ್ಸಿಗೆ ಬಂದಷ್ಟು ಹಾಕಿ ಅಂಟಿಸಿ ತರಲಿ. ಕೂಗಾಟ ಇರುವುದಿಲ್ಲ" ಅಂದರು. ನಾನು ಹೇಳಿದೆ, "ಫಾದರ್, ಕವರನ್ನ ಯಾರು ಬೇಕಾದ್ರೂ ಅಂಟಿಸ್ತಾರೆ. ಕುಂಬಳಕಾಯಿ ಕೂಗೋಕೆ ನಾನೇ ಆಗಬೇಕು." ಅವರು ನಕ್ಕರು. ನಕ್ಕು, "ಸರಿ, ನೋಡೋಣ. ಆದರೆ ಜಗಳ ಗಿಗಳ ಆಗುವ ಹಾಗಿದ್ದರೆ ನಿಲ್ಲಿಸಿಬಿಡುತ್ತೇನೆ" ಅಂದರು. ಅಂದರೆ ಯಾರದೋ ಬಾಯಿಯಿಂದ ನನ್ನ ಗಂಟಲು ಮುಚ್ಚುವ ಕಾಲ ಬಂತು. ಈ ಹೆದರಿಕೆಯಲ್ಲೇ ಮೂರು ಹರಾಜು ಕೂಗಿದೆ. ಕೇಳಿ.

ಕುದುರೆ ತಿರುಗಿಸಿದ ಗಂಟಲು

ನಾನು ಶಾಲೆಗೆ ಹೋದವನಲ್ಲ. ಶಾಲೆಯ ಮುಂದೆ ಬಾಳೆಹಣ್ಣು ಮಾರಿದ್ದೇನೆ, ಅಷ್ಟೇ. ಅಂಗಡಿ ಬೋರ್ಡು ನೋಡಿ ನೋಡಿ ಅಕ್ಷರ ಕಲಿತೆ. ಆದರೆ ದೇವರು ಗಂಟಲು ಕೊಡುವಾಗ ಕೈ ಬಿಗಿ ಹಿಡಿಯಲಿಲ್ಲ. ಮಾರುಕಟ್ಟೆಯ ಬಾಳೆಕಾಯಿ ಮಂಡಿಯಲ್ಲಿ ಹರಾಜು ಕೂಗಿಯೇ ನಾನು ಮಕ್ಕಳ ಮದುವೆ ಮಾಡಿದ್ದು. ಅಲ್ಲಿ ನಾನು ರಸಬಾಳೆ ಗೊನೆ ಎತ್ತಿ ಹಿಡಿದು "ಒಂದ್ಸರಿ" ಅಂದರೆ, ಅತ್ತ ಬನ್ನಿಮಂಟಪದಲ್ಲಿ ಪಂಜಿನ ಕವಾಯತಿಗೆ ತಾಲೀಮು ಮಾಡುತ್ತಿದ್ದ ಕುದುರೆಗಳು ತಾವಾಗಿಯೇ ಬಲಕ್ಕೆ ತಿರುಗುತ್ತಿದ್ದವು. "ಎರಡ್ಸರಿ" ಅಂದರೆ ಎಡಕ್ಕೆ. ಅವುಗಳ ಸಾಹೇಬರು ಒಬ್ಬ ಪೇದೆಯನ್ನು ಕಳಿಸಿ, ತಾಲೀಮು ಮುಗಿಯೋವರೆಗೆ ನಮ್ಮ ಮಂಡಿಯಲ್ಲಿ ಬಾಳೆ ಮಾರಬೇಡಿ ಅಂತ ಕೈಮುಗಿಸಿದ್ದರು. ನಂಬದವರು ಆ ಕುದುರೆಗಳನ್ನೇ ಕೇಳಬಹುದು. ಈಗ ಒಂದೂ ಬದುಕಿಲ್ಲ, ಅದು ಬೇರೆ ಮಾತು.

ಫಾದರ್‌ಗೆ ಇದು ಗೊತ್ತಿರಲಿಲ್ಲ. ಮೊದಲ ವರ್ಷ ಮೈಕ್ ಸೆಟ್ ತರಿಸಿ, "ತಾತ, ಇದರಲ್ಲಿ ಮಾತಾಡಿ. ಗಂಟಲಿಗೆ ಶ್ರಮ ಬೇಡ" ಅಂದರು.

"ನನಗೇನೂ ಶ್ರಮ ಇಲ್ಲ ಫಾದರ್. ಶ್ರಮ ಆಗೋದು ಮೈಕಿಗೆ."

"ಪರವಾಗಿಲ್ಲ, ಹಿಡಿದುಕೊಳ್ಳಿ."

ಹಿಡಿದುಕೊಂಡೆ. "ಒಂದ್ಸರಿ" ಅಂದೆ. ಗುಯ್ ಅಂತ ಒಂದು ಸದ್ದು ಬಂತು, ಆಮೇಲೆ ಬಾಕ್ಸಿನ ಹಿಂದಿನಿಂದ ಹೊಗೆ ಬಂತು. ಮೈಕಿನವನು ಊಟದ ಎಲೆ ಬಿಟ್ಟು ಓಡಿಬಂದು, "ಯಾರ್ರೀ ಇದಕ್ಕೆ ಕಂಬದಿಂದ ನೇರವಾಗಿ ಕರೆಂಟ್ ಕೊಟ್ಟಿದ್ದು?" ಅಂದ.

ನನ್ನ ಹೆಂಡತಿ ಮಾತ್ರ, ನಾನು ವೈರು ತುಳಿದು ನಿಂತಿದ್ದೆ ಅನ್ನುತ್ತಾಳೆ. ಅವತ್ತು ಅವಳು ಕನ್ನಡಕ ಮರೆತು ಬಂದಿದ್ದಳು.

ಹುಳುಕಿಲ್ಲದ ಕಾಯಿ

ನಮ್ಮ ಹರಾಜಿನಲ್ಲಿ ಒಂದು ವಿಶೇಷ ಇದೆ. ತಾವೇ ಕೊಟ್ಟದ್ದನ್ನು ಬಿಟ್ಟರೆ, ಕೊಂಡವರು ಸಾಮಾನನ್ನು ಮನೆಗೆ ಒಯ್ಯುವುದಿಲ್ಲ. ದುಡ್ಡು ಕೊಟ್ಟು, "ಇದೂ ದೇವರಿಗೇ ಇರಲಿ" ಅಂತ ನನ್ನ ಕೈಗೇ ವಾಪಸ್ ಕೊಡುತ್ತಾರೆ. ನಾನು ಅದನ್ನೇ ಮತ್ತೆ ಕೂಗುತ್ತೇನೆ. ಹೀಗೆ ಒಂದು ಒಳ್ಳೆಯ ತೆಂಗಿನಕಾಯಿ ಒಂದೇ ಬೆಳಗ್ಗೆ ಅರ್ಧ ಚರ್ಚನ್ನು ಸುತ್ತಿ ಬರುತ್ತದೆ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಹುಟ್ಟಿದಾಗಿನಿಂದ ನೋಡಿ ಬಂದಿರುತ್ತದೆ.

ಅದೇ ಮೊದಲ ವರ್ಷ ಪಕ್ಕದ ಬೀದಿಯ ಕಾಯಿ ಅಂಗಡಿಯವರು ಬಂದಿದ್ದರು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಒಳ್ಳೆಯ ಜನ. ನಮ್ಮ ಬೇಕರಿ ಸಾಹುಕಾರರು ಅವರ ಸ್ನೇಹಿತರು. ಅವರೇ ಕರೆದು ಕೂರಿಸಿಕೊಂಡಿದ್ದರು. ನಾನು ಒಂದು ಬೂದುಗುಂಬಳಕಾಯಿ ಎತ್ತಿದೆ. ಕಾಯಿ ಅಂಗಡಿಯವರು ಬೆರಳಿನಿಂದ ತಟ್ಟಿ ನೋಡಿ, ಒಳ್ಳೆಯ ಬೆಲೆ ಕೂಗಿದರು. ಮೂರ್ಸರಿ ಆಯಿತು. ದುಡ್ಡು ಕೊಟ್ಟರು. ನಾನು ಕಾಯಿ ಕೊಟ್ಟು, ವಾಪಸ್ ಈಸಿಕೊಳ್ಳೋಣ ಅಂತ ಎರಡೂ ಕೈ ಚಾಚಿ ನಿಂತೆ. ಅವರು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಕೂತುಬುಟ್ಟರು.

ನನ್ನ ಕೈ ಚಾಚಿದ್ದು ಚಾಚಿದ ಹಾಗೇ ಇತ್ತು.

"ಯಜಮಾನ್ರೇ, ಕಾಯಿ..." ಅಂದೆ.

"ಹ್ಞೂಂ, ಚೆನ್ನಾಗಿದೆ."

"ಅಲ್ಲಾ, ಇಲ್ಲಿ ಕೊಂಡೋರು ವಾಪಸ್ ಕೊಡ್ತಾರೆ."

"ಯಾಕ್ರೀ ವಾಪಸ್ ಕೊಡಲಿ? ಹುಳುಕಿದ್ರೆ ತಾನೇ ವಾಪಸ್ ಕೊಡೋದು? ಕಾಯಿ ಅಂಗಡಿ ಇಟ್ಟಿರೋನು ನಾನು, ನೋಡಿಯೇ ತಗೊಂಡಿದೀನಿ."

ಬೇಕರಿ ಸಾಹುಕಾರರು ಅವರ ಕಿವಿಯಲ್ಲಿ, "ದೇವರಿಗೆ ಬುಟ್ಟುಬುಡಿ ಯಜಮಾನ್ರೇ" ಅಂದರು.

"ದೇವರಿಗೇ ಕಣ್ರೀ. ಆಯುಧಪೂಜೆ ದಿನ ನನ್ನ ಲಗೇಜ್ ಆಟೋ ಮುಂದೆ ಒಡೆಯೋಕೆ ಅಂತಾನೇ ತಗೊಂಡಿದ್ದು."

ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ಫಾದರ್ ನನ್ನನ್ನು ನೋಡಿದರು. ಕವರು ಅವರ ಕಣ್ಣಲ್ಲೇ ಕಾಣಿಸುತ್ತಿತ್ತು. ನಾನು ತಡಮಾಡಲಿಲ್ಲ, ಸಿಕ್ಕಿದ ಬಾಳೆಗೊನೆ ಎತ್ತಿ ಎಂಥ ಕೂಗು ಕೂಗಿದೆ ಅಂದರೆ, ಗುಸುಗುಸು ಮಾಡುತ್ತಿದ್ದವರಿಗೆ ತಮ್ಮ ಮಾತು ತಮಗೇ ಕೇಳಿಸಲಿಲ್ಲ. ಜಗಳ ಹುಟ್ಟುವ ಮೊದಲೇ ಸತ್ತಿತು.

ಕಾಯಿ ಅಂಗಡಿಯವರು ಮರ್ಯಾದಸ್ಥರು. ಅವರ ಮನಸ್ಸಿನಲ್ಲಿ ಆ ಮಾತು ಕೊರೆಯುತ್ತಿತ್ತು ಅಂತ ಕಾಣುತ್ತದೆ. ಆಯುಧಪೂಜೆಯ ಸಂಜೆ ಫಾದರ್ ಬಂಗಲೆಯ ಬಾಗಿಲಿಗೆ ಬಂದು, ಒಡೆದ ಕುಂಬಳಕಾಯಿಯ ಅರ್ಧ ಹೋಳನ್ನು ಕುಂಕುಮದ ಸಮೇತ ಅಡುಗೆಯವನ ಕೈಗಿಟ್ಟು ಹೇಳಿದರಂತೆ:

"ವಾಪಸ್ ಕೊಡೋದು ನಿಮ್ಮಲ್ಲಿ ಪದ್ಧತಿ ಅಂದ್ರು. ಅರ್ಧ ನಮ್ಮ ಪದ್ಧತಿ, ಅರ್ಧ ನಿಮ್ಮದು."

ಕಂಬದ ಆ ಕಡೆ, ಈ ಕಡೆ

ಎರಡನೇ ವರ್ಷದ್ದು ಉಪ್ಪಿನಕಾಯಿ.

ಕುವೆಂಪುನಗರದಲ್ಲಿ ಒಬ್ಬರು ರಿಟೈರಾದ ಹೆಡ್‌ಮೇಷ್ಟ್ರು ಇದ್ದಾರೆ. ಚರ್ಚಿನ ಸಮಿತಿಯಲ್ಲೂ ಇದ್ದಾರೆ. ಅವರ ಹೆಂಡತಿ ಹಾಕುವ ಮಾವಿನಕಾಯಿ ಉಪ್ಪಿನಕಾಯಿ ಅಂದರೆ ವಿಜಯನಗರದಿಂದಲೂ ಜನ ಬಟ್ಟಲು ಹಿಡಿದು ಬರುತ್ತಾರೆ. ಆ ಸಲ ಆಯಮ್ಮ ಗಂಡನಿಗೆ ಒಂದು ಮಾತೂ ಹೇಳದೆ, ಒಂದು ಜಾಡಿ ಉಪ್ಪಿನಕಾಯಿಯನ್ನು ಕಾಣಿಕೆಗೆ ತಂದಿಟ್ಟುಬುಟ್ಟರು.

ಹಾಲ್‌ನಲ್ಲಿ ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ. ನಡುವೆ ಒಂದು ದಪ್ಪ ಕಂಬ. ಮೇಷ್ಟ್ರು ಕಂಬದ ಈ ಕಡೆ, ಅವರ ಮನೆಯವರು ಆ ಕಡೆ. ನಾನು ಜಾಡಿ ಎತ್ತಿದ್ದೇ ತಡ, ಮೇಷ್ಟ್ರು ಗಾಬರಿಯಿಂದ ಎದ್ದು ನಿಂತರು. ಜಾಡಿಯ ಗುರುತು ಅವರಿಗೆ ಸಿಕ್ಕಿತು. ವರ್ಷದ ಊಟವೇ ಹರಾಜಿಗೆ ಬಂದಿದೆ! ತಕ್ಷಣ ಬೆಲೆ ಕೂಗಿದರು.

ಕಂಬದ ಆ ಕಡೆ ಆಯಮ್ಮನಿಗೆ ಗಂಡಸಿನ ದನಿ ಕೇಳಿಸಿತು, ಯಾರದು ಅಂತ ತಿಳಿಯಲಿಲ್ಲ. ನನ್ನ ಉಪ್ಪಿನಕಾಯಿಗೆ ಇಷ್ಟೇನಾ ಬೆಲೆ ಅಂತ ರೋಷ ಬಂತು. ತಾವೇ ಪಕ್ಕದವಳನ್ನು ತಿವಿದು ಏರಿಸಿ ಕೂಗಿಸಿದರು. ಮೇಷ್ಟ್ರು ಮತ್ತೆ ಏರಿಸಿದರು. ಆಯಮ್ಮ ಮತ್ತೆ ತಿವಿದರು. ನನ್ನ ಗಂಟಲಿಗೆ ಹಬ್ಬ. ಜಾಡಿ ಬೆಳ್ಳಿಯದಾಗಿದ್ದರೂ ಅಷ್ಟು ಬೆಲೆಗೆ ಹೋಗುತ್ತಿರಲಿಲ್ಲ. ಕೊನೆಗೆ ತಿವಿಸಿಕೊಂಡವಳು ಪಕ್ಕೆ ನೋವು ಅಂತ ಎದ್ದು ಹೋದಳು, ಜಾಡಿ ಮೇಷ್ಟ್ರಿಗಾಯಿತು.

ಆಯಮ್ಮ ಹೆಮ್ಮೆಯಿಂದ ಕಂಬ ಸುತ್ತಿ ಬಂದರು. "ಯಾರ್ರೀ ಅದು ಪುಣ್ಯಾತ್ಮ, ಅಷ್ಟು ಕೊಟ್ಟು ತಗೊಂಡಿದ್ದು?"

"ನಾನೇ ಕಣೇ!" ಮೇಷ್ಟ್ರು ಜಾಡಿಯನ್ನು ಎದೆಗೊತ್ತಿಕೊಂಡು ಗುಡುಗಿದರು. "ಮನೇಲಿ ಬಾಯಿಗೊಂದು ಹೋಳು ಇಲ್ಲದ ಹಾಗೆ ಪೂರ್ತಿ ಜಾಡಿ ತಂದು ಇಟ್ಟಿದ್ದೀಯಲ್ಲ, ನಿನಗೇನು ಬುದ್ಧಿ ಇದೆಯಾ?"

ಆಯಮ್ಮ ಅತ್ತ ಇತ್ತ ನೋಡಿ, ದನಿ ತಗ್ಗಿಸಿದರು. ಆದರೆ ಫಾದರ್ ಪಕ್ಕದಲ್ಲೇ ನಿಂತಿದ್ದರು.

"ಒಳ್ಳೇದು ಮನೇಲೇ ಇದೆ ಕಣ್ರೀ. ಇದು ಹೋದ ವರ್ಷದ್ದು, ಬೂಸ್ಟು ಬಂದಿತ್ತು ಅಂತ ಇಲ್ಲಿಗೆ ತಂದೆ."

ಉಗ್ರಾಣ ಯಾರದು

ಮೂರನೇ ವರ್ಷ, ಅಂದರೆ ಈ ಸಲ, ಹಬ್ಬಕ್ಕೆ ಮುಂಚಿನ ಭಾನುವಾರ ಫಾದರ್ ಪೂಜೆಯಲ್ಲಿ ಪ್ರಸಂಗ ಮಾಡಿದರು. ನಮ್ಮ ಕೈಯಲ್ಲಿರುವುದು ಯಾವುದೂ ನಮ್ಮದಲ್ಲ, ಎಲ್ಲ ದೇವರದು, ನಾವು ಉಗ್ರಾಣ ನೋಡಿಕೊಳ್ಳುವವರು ಮಾತ್ರ, ಒಡೆಯರಲ್ಲ ಅಂದರು. ಬಹಳ ಚೆನ್ನಾಗಿತ್ತು. ನಾನೇ ಹೇಳಿದ್ದರೆ ಇನ್ನೂ ಸ್ವಲ್ಪ ಜೋರಾಗಿ ಹೇಳುತ್ತಿದ್ದೆ.

ಹೊರಗೆ ಬಂದಾಗ ಬೇಕರಿ ಸಾಹುಕಾರರು ಯೋಚನೆ ಮಾಡುತ್ತಾ ನಿಂತಿದ್ದರು. "ಫಾದರ್, ಅಂಗಡಿ ನಂದಲ್ಲ, ದೇವರದು ಅಂದ್ರಲ್ಲ. ಒಪ್ಕೊಂಡೆ. ಅಂಗಾದ್ರೆ ಈ ತಿಂಗಳ ಕರೆಂಟ್ ಬಿಲ್ ಎಲ್ಲಿಗೆ ಕಳಿಸ್ಲಿ?"

ಫಾದರ್ ನನ್ನ ಕಡೆ ತಿರುಗಿದರು. "ತಾತ, ಇದು ಕಡೇ ಸಲ ನೋಡುತ್ತೇನೆ. ಹೋದ ವರ್ಷ ಗಂಡ ಹೆಂಡತಿ ಒಂದು ತಿಂಗಳು ಬೇರೆ ಬೇರೆ ಪೂಜೆಗೆ ಬಂದರು. ಈ ಸಲ ಒಂದೇ ಒಂದು ಜಗಳ ಆದರೂ ಹರಾಜು ಇಲ್ಲ. ಮುಂದಿನ ವರ್ಷದಿಂದ ಕವರು." ಮೇಷ್ಟ್ರು ಪಕ್ಕದಲ್ಲೇ ನಿಂತು ಜೋರಾಗಿ ತಲೆಯಾಡಿಸಿದರು. ಉಪ್ಪಿನಕಾಯಿಯ ಬೂಸ್ಟು ಅವರ ಮನಸ್ಸಿನಿಂದ ಇನ್ನೂ ಹೋಗಿರಲಿಲ್ಲ.

ಹಬ್ಬದ ದಿನ ಫಾದರ್ ಹೊಸ ನಿಯಮ ಮಾಡಿದರು. ಯಾರೂ ಬಾಯಿಬಿಟ್ಟು ಬೆಲೆ ಕೂಗುವ ಹಾಗಿಲ್ಲ. ಎಲ್ಲರೂ ಕಣ್ಣು ಮುಚ್ಚಿ ಕೂರಬೇಕು, ಬೇಕಾದವರು ಕೈ ಎತ್ತಬೇಕು. ಬೆಲೆ ನಾನು ಏರಿಸುತ್ತಾ ಹೋಗುತ್ತೇನೆ. ಸಾಕಾದವರು ಕೈ ಇಳಿಸಬೇಕು. ಕೊನೆಗೆ ಉಳಿದ ಕೈಗೆ ಸಾಮಾನು. ಕೊಟ್ಟವರು ಯಾರು ಅಂತ ದೇವರಿಗೆ ಬಿಟ್ಟು ಯಾರಿಗೂ ತಿಳಿಯಬಾರದು. ಕಣ್ಣು ಬಿಟ್ಟಿರಲು ಅಪ್ಪಣೆ ಇದ್ದದ್ದು ನನಗೊಬ್ಬನಿಗೆ. ಫಾದರ್ ತಾವೂ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿಕೊಂಡರು.

ತೆಂಗಿನಕಾಯಿ ಕೂಗಿದೆ. ಒಂದು ಕೈಯೂ ಇಲ್ಲ. ಬೆಲ್ಲ ಕೂಗಿದೆ. ಇಲ್ಲ. ಹೋದ ವರ್ಷ ಒಂದು ಬದನೆಕಾಯಿಗೆ ಬಟ್ಟೆ ಹರಿದುಕೊಳ್ಳುತ್ತಿದ್ದ ಜನ, ಈಗ ಶಿಲೆ ಹಾಗೆ ಕೂತಿದ್ದಾರೆ.

"ಫಾದರ್, ಯಾರೂ ಎತ್ತುತ್ತಿಲ್ಲ" ಅಂದೆ ಮೆಲ್ಲಗೆ.

"ಕಾಯಿರಿ ತಾತ. ಕೊಡುವ ಮನಸ್ಸು ಬರಲಿ."

ಕಾದೆವು. ಆಗ ಮುಂದಿನ ಸಾಲಿನಿಂದ ಬೇಕರಿ ಸಾಹುಕಾರರು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ, ಪಿಸುಗುಟ್ಟಿದರು:

"ತಾತ, ನಾನು ಎತ್ತಿದ್ರೆ ಎಲ್ಲರಿಗೂ ಒಂದು ಸಲ ಕಣ್ಣು ಬಿಡೋಕೆ ಹೇಳ್ತೀರಾ?"

ಹೂವಿನಜ್ಜಿಯ ಹೇಂಟೆ

ಆಮೇಲೆ ಬಂತು ಕೋಳಿ.

ಚರ್ಚಿನ ಗೇಟಿನಲ್ಲಿ ಹೂವು ಕಟ್ಟಿ ಮಾರುವ ಒಬ್ಬಳು ಅಜ್ಜಿ ಇದ್ದಾಳೆ. ನನಗಿಂತ ದೊಡ್ಡವಳು. ನಾನು ಅಕ್ಕ ಅನ್ನುತ್ತೇನೆ. ಅವಳು ಒಪ್ಪದೆ ನನ್ನನ್ನು ಅಣ್ಣ ಅನ್ನುತ್ತಾಳೆ. ಅವಳ ಮನೆಯಲ್ಲಿ ಒಂದು ಚುಕ್ಕೆ ಹೇಂಟೆ, ನಾಟಿ ಕೋಳಿ. ರಾತ್ರಿ ಅದು ಮಲಗುವುದು ಅವಳ ಹೂವಿನ ಬುಟ್ಟಿಯಲ್ಲೇ. ಮಂಡಿ ನೋವು ವಾಸಿಯಾದರೆ ಹೇಂಟೆಯನ್ನು ಮಾತೆಗೆ ಕೊಡುತ್ತೇನೆ ಅಂತ ಹರಕೆ ಹೊತ್ತಳು. ಮಂಡಿ ವಾಸಿಯಾಗಿಬುಟ್ಟಿತು! ಈಗ ಅಳು.

ಹರಕೆ ಕೊಟ್ಟವರೇ ಹರಾಜಿನಲ್ಲಿ ವಾಪಸ್ ಕೊಳ್ಳಬಹುದು, ಅದಕ್ಕೇನೂ ಅಡ್ಡಿಯಿಲ್ಲ. ಅಜ್ಜಿ ಸೆರಗಿನ ತುದಿಗೆ ದುಡ್ಡು ಗಂಟು ಕಟ್ಟಿಕೊಂಡು ಬಂದಿದ್ದಳು. ಬೆಳಗ್ಗೆ ನನ್ನ ಹತ್ತಿರ ಬಂದು, "ಅಣ್ಣ, ನನ್ನ ಕೈ ಕಂಡ ತಕ್ಷಣ ಮೂರ್ಸರಿ ಅಂದ್ಬುಡು. ಅದಿಲ್ದೆ ನಂಗೆ ನಿದ್ದೆ ಬರಾಕಿಲ್ಲ" ಅಂದಳು. "ಅದಕ್ಕೇನು ಅಕ್ಕ, ಕೋಳಿ ನಿನ್ನದೇ" ಅಂದೆ.

ನನಗೆ ಆಗ ತಿಳಿಯದೇ ಇದ್ದದ್ದು ಏನೆಂದರೆ, ಅಜ್ಜಿ ವಾರವೆಲ್ಲ ಎಲ್ಲರ ಮುಂದೆಯೂ ಅತ್ತಿದ್ದಳು. ಬೇಕರಿ ಸಾಹುಕಾರರ ಕರುಳು ಚುರಕ್ ಅಂದಿತ್ತು. ಕೋಳಿಯನ್ನು ತಾವು ಕೊಂಡು ಅಜ್ಜಿಗೆ ಕೊಟ್ಟುಬುಡೋಣ ಅಂತ ಅವರ ಲೆಕ್ಕ. ಫಾದರ್ ಕರುಳೂ ಚುರಕ್ ಅಂದಿತ್ತು. ತಾವೇ ಕೈ ಎತ್ತಿದರೆ ಚೆನ್ನಾಗಿರುವುದಿಲ್ಲ ಅಂತ, ಅಡುಗೆಯವನಿಗೆ ಗುಟ್ಟಾಗಿ ಹೇಳಿದ್ದರು: ಏನಾದರೂ ಆಗಲಿ ಕೈ ಇಳಿಸಬೇಡ, ಕೋಳಿ ಕೊಂಡು ಅಜ್ಜಿ ಮನೆಗೆ ಮುಟ್ಟಿಸು.

ನಾನು ಹೇಂಟೆಯನ್ನು ಎತ್ತಿ ಹಿಡಿದೆ. ಬೆಳಗ್ಗೆಯಿಂದ ಒಂದು ಕೈ ಕಾಣದ ಹಾಲ್‌ನಲ್ಲಿ ಪಟ್ ಅಂತ ಮೂರು ಕೈ ಎದ್ದವು. ಅಜ್ಜಿಯದು, ಸಾಹುಕಾರರದು, ಹಿಂದಿನ ಬಾಗಿಲ ಹತ್ತಿರ ಅಡುಗೆಯವನದು. ಮೂವರೂ ಕಣ್ಣು ಮುಚ್ಚಿದ್ದಾರೆ. ಒಬ್ಬರಿಗೆ ಇನ್ನೊಬ್ಬರು ಕಾಣುವುದಿಲ್ಲ.

ಅಜ್ಜಿಗೆ ಮಾತು ಕೊಟ್ಟಿದ್ದೆ, ನಿಜ. ಆದರೆ ಮೂರು ಕೈ ಮೇಲಿರುವಾಗ ಮೂರ್ಸರಿ ಅನ್ನುವುದು ನಮ್ಮ ಮಂಡಿಯ ಧರ್ಮವಲ್ಲ. ಬೆಲೆ ಏರಿಸಿದೆ, ಕೈ ಇಳಿಯಲಿಲ್ಲ. ಮತ್ತೆ ಏರಿಸಿದೆ, ಇಳಿಯಲಿಲ್ಲ. ಇದು ನನ್ನ ಗಂಟಲಿನ ಮಹಿಮೆಯೇ ಅಂತ ಅರ್ಥವಾಗಿ ಇನ್ನೂ ಹುರುಪು ಬಂತು. ಕೋಳಿಯ ಬೆಲೆ ಕುರಿಯ ಬೆಲೆಗೆ ಬಂತು. ಕುರಿ ದಾಟಿ ಹಸುವಿನ ಕಡೆ ಹೊರಟಿತು. ಕಣ್ಣು ಮುಚ್ಚಿದ ಜನ "ಯಾವನಪ್ಪಾ ಅವ್ನು" ಅಂತ ಪಿಸುಗುಡತೊಡಗಿದರು. ಅಜ್ಜಿಯ ಕೈ ಸೋತು, ಎಡಗೈಯಿಂದ ಬಲಗೈಗೆ ಆಸರೆ ಕೊಟ್ಟಿದ್ದಳು. ಬೆಲೆ ಸೆರಗಿನ ಗಂಟು ದಾಟಿ ಬಹಳ ಹೊತ್ತಾಗಿತ್ತು. ಹೇಂಟೆ ಮಾತ್ರ ತನ್ನ ಬೆಲೆ ಕೇಳುತ್ತಾ ಕತ್ತು ನೀಟಿಕೊಂಡು ಗತ್ತಿನಲ್ಲಿತ್ತು.

ಕೊನೆಗೆ ಅಜ್ಜಿ ತಡೆಯಲಾರದೆ ಎದ್ದು ನಿಂತಳು.

"ಯಾವ ಹೊಟ್ಟೆಬಾಕನ್ರೋ ಅವ್ನು? ಒಂದು ಮುದುಕಿ ಕೋಳಿ ತಿನ್ನೋಕೆ ಇಷ್ಟೊಂದು ಬಾಯಿ ಬಿಟ್ಟಿರೋನು!"

ಎಲ್ಲರ ಕಣ್ಣೂ ತೆರೆದವು. ಸಾಹುಕಾರರ ಕೈ ಇನ್ನೂ ಮೇಲೇ ಇತ್ತು.

"ಅಜ್ಜಿ, ನಾನು ನಿನಗೇ ಕೊಡೋಣ ಅಂತ..."

"ನಂಗೆ ಕೊಡಾಕೆ! ಪಫ್ಸ್ ಒಳಗೆ ಇಟ್ಟು ಕೊಡ್ತೀಯೇನಪ್ಪಾ? ನಿನ್ ಬೇಕ್ರಿ ಗಾಜಿನ ಪೆಟ್ಟಿಗೇಲಿ ಇರೋದೆಲ್ಲ ಯಾರ ಮನೆ ಕೋಳಿ ಅಂತ ನಂಗೆ ಗೊತ್ತಿಲ್ವಾ?"

"ಅಯ್ಯೋ ದೇವರೇ! ನನ್ನ ಪಫ್ಸ್ ಸುದ್ದಿಗೆ ಬರಬೇಡ!"

ಅಷ್ಟರಲ್ಲಿ ಯಾರೋ ಹಿಂದೆ ತಿರುಗಿ ನೋಡಿದರು. ಅಲ್ಲಿ ಇನ್ನೊಂದು ಕೈ! ಅಡುಗೆಯವನು, ಇಳಿಸಬೇಡ ಅಂದಿದ್ದರಲ್ಲ, ಇಳಿಸಿರಲಿಲ್ಲ.

"ನೀನೇನೋ ಮಾಡ್ತೀಯ ಇಷ್ಟು ಬೆಲೆ ಕೋಳಿ?" ಅಂದರು ಮೇಷ್ಟ್ರು.

"ನನಗಲ್ಲ ಸಾರ್" ಅಂದ ಅವನು. "ಫಾದರ್ ಹೇಳಿದ್ರು, ಏನಾದ್ರೂ ಆಗ್ಲಿ ಈ ಕೋಳಿ ಬಿಡಬೇಡ ಅಂತ."

ಇಡೀ ಚರ್ಚು ಫಾದರ್ ಕಡೆ ತಿರುಗಿತು. ಅವರೊಬ್ಬರೇ ಇನ್ನೂ ಕಣ್ಣು ಮುಚ್ಚಿಕೊಂಡು ಕೂತಿದ್ದರು. ತೆರೆಯುವ ಧೈರ್ಯ ಬರಲಿಲ್ಲ ಅಂತ ಕಾಣುತ್ತದೆ. ಕಿವಿ ಮಾತ್ರ ಕೆಂಪಗಾಗಿತ್ತು.

"ಸ್ವಾಮಿಗಳೇ, ನೀವೂನಾ?" ಅಜ್ಜಿ ಸೊಂಟದ ಮೇಲೆ ಕೈ ಇಟ್ಟಳು. "ಎಲ್ಲರ ಕಣ್ಣು ಮುಚ್ಚಿಸಿದ್ದು ಇದಕ್ಕೇನಾ?"

"ಅಲ್ಲ ಅಜ್ಜಿ. ನಿಮಗೇ ಕೊಡಬೇಕು ಅಂತ..."

"ಅವರೂ ಅಂಗೇ ಅಂತಾರೆ, ನೀವೂ ಅಂಗೇ ಅಂತೀರ! ನಂಗೇ ಕೊಡೋರು ಇಷ್ಟು ಜನ ಇದ್ಮೇಲೆ, ನಂಗ್ಯಾಕೆ ಸಿಗಲಿಲ್ಲ?"

ಸಾಹುಕಾರರು ಎದ್ದರು. "ಫಾದರ್, ನಿಮ್ಮ ಅಡುಗೆಯವನಿಗೆ ಕೈ ಇಳಿಸೋಕೆ ಹೇಳಿ. ಅಜ್ಜಿಗೆ ಕೊಡೋ ಪುಣ್ಯ ನಂದು, ಮೊದಲು ಎತ್ತಿದ್ದು ನಾನು." ಫಾದರ್ ಕಣ್ಣು ಮುಚ್ಚಿಕೊಂಡೇ, "ಇಲ್ಲ ಇಲ್ಲ, ನಾನು ವಾರದ ಹಿಂದೆಯೇ ಮನಸ್ಸು ಮಾಡಿದ್ದೆ" ಅಂದರು. ಅರ್ಧ ಜನ ಸಾಹುಕಾರರ ಕಡೆ, ಅರ್ಧ ಜನ ಫಾದರ್ ಕಡೆ. ಹಿಂದಿನ ಸಾಲು ಪಫ್ಸ್ ಕಡೆ. ಅಂಥ ಗದ್ದಲವನ್ನು ನಮ್ಮ ಮಂಡಿಯಲ್ಲೂ ನಾನು ಕೇಳಿರಲಿಲ್ಲ. ಅದರ ನಡುವೆ ಅಜ್ಜಿ ಮೆಲ್ಲಗೆ ಬಂದು, ನನ್ನ ಕೈಯಿಂದ ಹೇಂಟೆಯನ್ನು ಬಿಡಿಸಿಕೊಂಡು, ಸೆರಗಿನಲ್ಲಿದ್ದ ಗಂಟನ್ನು ಹಾಗೇ ಕಾಣಿಕೆ ತಟ್ಟೆಗೆ ಹಾಕಿ, ಬಾಗಿಲು ದಾಟಿ ಹೋಗಿಬುಟ್ಟಳು. ಕೈ ಖಾಲಿಯಾದದ್ದು ನನಗೆ ತಿಳಿದದ್ದು "ಎರಡ್ಸರಿ" ಅಂದ ಮೇಲೆ.

ಗದ್ದಲ ಅಡಗಿತು. ಮೇಷ್ಟ್ರು ಈ ಗಳಿಗೆಗೇ ಕಾದಿದ್ದವರ ಹಾಗೆ ಮುಂದೆ ಬಂದರು.

"ಫಾದರ್, ಒಂದು ಜಗಳ ಆದರೂ ಹರಾಜು ನಿಲ್ಲಿಸುತ್ತೇನೆ ಅಂದಿದ್ದಿರಿ. ಇದಕ್ಕಿಂತ ದೊಡ್ಡ ಜಗಳ ಈ ಹಾಲ್‌ನಲ್ಲಿ ಆಗಿಲ್ಲ. ಮುಂದಿನ ವರ್ಷ ಕವರು ತಾನೇ?"

ಜೀವಮಾನದಲ್ಲಿ ಮೊದಲ ಸಲ ನನ್ನ ಗಂಟಲಿನಿಂದ ಸದ್ದು ಹೊರಡಲಿಲ್ಲ.

ಫಾದರ್ ಆಗಲೂ ಕಣ್ಣು ತೆರೆಯಲಿಲ್ಲ.

"ಜಗಳ ಆಯಿತೇ ಮೇಷ್ಟ್ರೇ? ನಾನು ನಿಯಮದ ಪ್ರಕಾರ ಕಣ್ಣು ಮುಚ್ಚಿಕೊಂಡಿದ್ದೆ, ನನಗೇನೂ ಕಾಣಲಿಲ್ಲ. ನಿಯಮ ಮುರಿದು ಕಣ್ಣು ಬಿಟ್ಟು ಜಗಳ ನೋಡಿದವರು ಯಾರಾದರೂ ಇದ್ದರೆ ಕೈ ಎತ್ತಲಿ."

ನಾನು ಹಾಲ್ ಪೂರ್ತಿ ನೋಡಿದೆ. ಅಡುಗೆಯವನೂ ಕೈ ಇಳಿಸಿದ.